ಬೆಲ್ಲದ ಬೆನ್ನೇರಿದ ಮೊಮ್ಮಗಳು

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆಯನ್ನು ನೀವೆಲ್ಲ ಕೇಳಿರುತ್ತೀರಿ. ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯುತ್ತಿದ್ದವನಿಗೆ ಕುದುರೆ ಕಣ್ಣಿಗೆ ಬಿದ್ದ ಕೂಡಲೇ ಕಾಲು ನೋಯತೊಡಗುತ್ತದಂತೆ. ನಮ್ಮ ಮನೆಯಲ್ಲಿ ಹೋದ ವರ್ಷ ಈ ಗಾದೆ ತಿರುಗುಮುರುಗಾಯಿತು. ಕುದುರೆ ಕಂಡ ಮೊಮ್ಮಗಳಿಗೆ ಕಾಲು ನಿಲ್ಲಲಿಲ್ಲ. ಕಾಲು ನೋವು ಬಂದದ್ದು ಅವಳ ಹಿಂದೆ ಓಡಾಡಿದ ನನಗೆ!

ನಾವಿರುವುದು ಮೈಸೂರಿನಲ್ಲಿ. ದಸರಾ ಮೆರವಣಿಗೆಯ ದಿನ ಎಲ್ಲರೂ ಆನೆಗಾಗಿ ಕಾದಿದ್ದರೆ ನಮ್ಮ ಪುಟ್ಟಿ ಅಶ್ವಾರೋಹಿ ಪೊಲೀಸರ ಕುದುರೆಗಳನ್ನೇ ನೋಡುತ್ತಾ ನಿಂತುಬಿಟ್ಟಳು. ಆಗ ಅವಳಿಗೆ ಹತ್ತು ವರ್ಷ, ಐದನೇ ತರಗತಿ. ಮನೆಗೆ ಬಂದವಳೇ, “ತಾತ, ನಾನು ಕುದುರೆ ಸವಾರಿ ಕಲೀಬೇಕು” ಎಂದಳು. ಅವಳಮ್ಮ, ಅಂದರೆ ನನ್ನ ಮಗಳು, “ಮೊದಲು ಸೈಕಲ್ ಸರಿಯಾಗಿ ಕಲಿ” ಎಂದಳು. ನನ್ನಾಕೆ, “ಬಿದ್ದು ಕೈಕಾಲು ಮುರಿದುಕೊಂಡರೆ?” ಎಂದಳು. ನಾನು ಏನೂ ಹೇಳಲಿಲ್ಲ. 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅರ್ಜಿ ಬಂದ ತಕ್ಷಣ ಆಗುತ್ತದೆ ಎಂದಾಗಲೀ ಆಗುವುದಿಲ್ಲ ಎಂದಾಗಲೀ ಹೇಳುವ ಅಭ್ಯಾಸವಿಲ್ಲ. “ವಿಚಾರಿಸೋಣ” ಎಂದೆ.

ಹಾಗೆ ವಿಚಾರಿಸಲು ಹೋದವನಿಗೆ ಆದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಕುದುರೆಯ ವಿಷಯ ಸಿಗಲಿ, ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳ ಜೊತೆ ಎಲ್ಲಿ ನಿಲ್ಲಬೇಕು ಎಂಬುದು ತಿಳಿಯಲಿ ಎಂದು.

ಮೊದಲು ಕುದುರೆ ನೋಡಿ, ಆಮೇಲೆ ಶಾಲೆ

ಊರ ಹೊರಗೆ ಒಂದು ಸವಾರಿ ಶಾಲೆಯಿದೆ ಎಂದು ತಿಳಿಯಿತು. ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಪುಟ್ಟಿಯನ್ನು ಕರೆದುಕೊಂಡು ಆಟೋದಲ್ಲಿ ಹೋದೆ. ಅಷ್ಟು ಬೇಗ ಯಾಕೆಂದರೆ, ಬಿಸಿಲೇರಿದ ಮೇಲೆ ಮಕ್ಕಳಿಗೂ ಕಷ್ಟ, ಕುದುರೆಗೂ ಕಷ್ಟ. ಒಳ್ಳೆಯ ಶಾಲೆಗಳು ತರಗತಿಯನ್ನು ಬೆಳಗಿನ ತಂಪಿನಲ್ಲಿ ಅಥವಾ ಸಂಜೆ ಇಟ್ಟುಕೊಳ್ಳುತ್ತವೆ.

ಆ ದಿನ ನಾನು ಶುಲ್ಕ ಕಟ್ಟಲಿಲ್ಲ. ಬೇರೆ ಮಕ್ಕಳ ಪಾಠವನ್ನು ಒಂದು ಗಂಟೆ ಕುಳಿತು ನೋಡಿದೆವು. ಆಮೇಲೆ ಲಾಯ ನೋಡಿದೆವು. ಕುದುರೆಗಳ ಪಕ್ಕೆಲುಬು ಎದ್ದು ಕಾಣುತ್ತಿದೆಯೇ, ಬೆನ್ನಿನ ಮೇಲೆ ಜೀನು ಉಜ್ಜಿದ ಹುಣ್ಣುಗಳಿವೆಯೇ, ತೊಟ್ಟಿಯಲ್ಲಿ ನೀರು ಶುದ್ಧವಾಗಿದೆಯೇ, ನೆಲದಲ್ಲಿ ಒಣ ಹುಲ್ಲು ಹಾಸಿದ್ದಾರೆಯೇ ಎಂದು ಗಮನಿಸಿದೆ. ತನ್ನ ಕುದುರೆಯನ್ನು ಸರಿಯಾಗಿ ನೋಡಿಕೊಳ್ಳದವರು ನಮ್ಮ ಮಗುವನ್ನು ನೋಡಿಕೊಳ್ಳುತ್ತಾರೆಂದು ನಂಬುವುದು ಹೇಗೆ? ಪಾಠ ಹೇಳುವವರು ಸೈನ್ಯದಲ್ಲಿದ್ದು ನಿವೃತ್ತರಾದ ಹವಾಲ್ದಾರರು. ಮಗು ಅತ್ತರೆ ಗದರುತ್ತಿರಲಿಲ್ಲ, ಕುದುರೆ ತಪ್ಪಿದರೆ ಹೊಡೆಯುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಶುಲ್ಕ ಕಡಿಮೆಯೇನಲ್ಲ. ಕುದುರೆ ಸೈಕಲ್ಲಲ್ಲ, ಯಾರೂ ಹತ್ತದ ದಿನವೂ ಅದು ತಿನ್ನಬೇಕು. ಆದ್ದರಿಂದ ನನ್ನ ಸಲಹೆ: ಮೊದಲು ಒಂದೇ ಪಾಠಕ್ಕೆ ಹಣ ಕಟ್ಟಿ. ಮಗುವಿಗೆ ಹಿಡಿಸಿದರೆ ಮಾತ್ರ ತಿಂಗಳಿನದು ಕಟ್ಟಿ. ತಲೆಟೋಪಿ, ಜೀನು ಶಾಲೆಯದೇ ಅಥವಾ ನಾವು ತರಬೇಕೇ ಎಂದು ಕೇಳಿ. ರಸೀದಿ ಪಡೆಯಿರಿ. ಇದು ಗುಮಾಸ್ತನ ಬುದ್ಧಿ, ಬಿಡುವುದಿಲ್ಲ!

ಮುಂದಿನ ವಾರ ಅರ್ಜಿ ತುಂಬಿದೆ. ಹೆಸರು, ವಯಸ್ಸು, ತೂಕ, ರಕ್ತದ ಗುಂಪು, ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದೆಲ್ಲ ಕೇಳಿದ್ದರು. ಕುದುರೆಯ ಲದ್ದಿ ಬೀಳುವ ಮಣ್ಣಿನಲ್ಲಿ ಆ ರೋಗದ ಸೂಕ್ಷ್ಮಾಣುಗಳು ಇರುವುದರಿಂದ ಈ ಚುಚ್ಚುಮದ್ದು ಮುಖ್ಯ. ಕೊನೆಯಲ್ಲಿ ಒಂದು ಪ್ರಶ್ನೆ: ‘ಕುಟುಂಬದಲ್ಲಿ ಯಾರಿಗಾದರೂ ಕುದುರೆಗಳ ಒಡನಾಟ ಇದೆಯೇ?’ ನಾನು ‘ಇಲ್ಲ’ ಎಂದು ಬರೆದೆ.

ಅದು ಸುಳ್ಳು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

14.2ರ ಮುಂದೆ 14.3, ಅದರ ಮುಂದೆ 15

ಪುಟ್ಟಿಗೆ ಕೊಟ್ಟ ಕುದುರೆಯ ಲಾಯದ ಬಾಗಿಲಲ್ಲಿ ‘ಬೆಲ್ಲಾ’ ಎಂಬ ಫಲಕವಿತ್ತು. ಮೈಯ ಬಣ್ಣವೂ ಮಂಡ್ಯದ ಅಚ್ಚುಬೆಲ್ಲದ್ದೇ. ಎಷ್ಟು ಒಳ್ಳೆಯ ಹೆಸರಿಟ್ಟಿದ್ದಾರೆ ಎಂದು ನಾನು ಮೆಚ್ಚಿಕೊಂಡೆ. ಪುಟ್ಟಿ ನಕ್ಕು, “ತಾತ, ಅದು ತಿನ್ನೋ ಬೆಲ್ಲ ಅಲ್ಲ, ಇಂಗ್ಲಿಷ್ ಹೆಸರು” ಎಂದಳು. ಇರಲಿ, ನಮ್ಮ ಮನೆಯಲ್ಲಿ ಅದು ಇವತ್ತಿಗೂ ಬೆಲ್ಲವೇ.

ಕುದುರೆಯ ಎತ್ತರವನ್ನು ಅಳೆಯುವುದು ‘ಕೈ’ ಲೆಕ್ಕದಲ್ಲಿ. ಒಂದು ಕೈ ಎಂದರೆ 4 ಅಂಗುಲ. ನೆಲದಿಂದ ತಲೆಯವರೆಗೆ ಅಳೆಯುವುದಿಲ್ಲ, ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನವರೆಗೆ ಅಳೆಯುತ್ತಾರೆ. ತಲೆಯನ್ನು ಅದು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದಲ್ಲ! ಬೆಲ್ಲದ ಎತ್ತರ 13.3 ಎಂದರು. ನಾನು ಹದಿಮೂರು ಮತ್ತು ದಶಾಂಶ ಮೂರು ಎಂದುಕೊಂಡೆ. ತಪ್ಪು. ಅದು 13 ಕೈ, 3 ಅಂಗುಲ. ಅಂದರೆ 55 ಅಂಗುಲ. ಅಲ್ಲಿಂದ ಮುಂದಿನ ಅಂಕಿ 13.4 ಅಲ್ಲ, 14. ನಮ್ಮ ಬಾಲ್ಯದ ರೂಪಾಯಿ-ಆಣೆ ಲೆಕ್ಕವಿದ್ದ ಹಾಗೆ. ಸಾಮಾನ್ಯವಾಗಿ 14.2ಕ್ಕಿಂತ ಕುಳ್ಳಗಿರುವುದನ್ನು ಪೋನಿ ಎನ್ನುತ್ತಾರೆ. ಮಕ್ಕಳೇ, ನಿಮಗೊಂದು ಲೆಕ್ಕ: 14.2 ಎಂದರೆ ಎಷ್ಟು ಅಂಗುಲ? ಉತ್ತರ 58 ಬಂದರೆ ನಿಮ್ಮನ್ನು ಬ್ಯಾಂಕಿಗೆ ಸೇರಿಸಿಕೊಳ್ಳಬಹುದು.

ನಾನೂ ಒಮ್ಮೆ ಹತ್ತಲೇ ಎಂದು ಹವಾಲ್ದಾರರನ್ನು ತಮಾಷೆಗೆ ಕೇಳಿದೆ. ಅವರು ತಮಾಷೆ ಮಾಡಲಿಲ್ಲ, ಲೆಕ್ಕ ಹೇಳಿದರು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರಬಾರದು, ಅದಕ್ಕಿಂತ ಕಡಿಮೆಯಿದ್ದಷ್ಟೂ ಒಳ್ಳೆಯದು. ಬೆಲ್ಲ ಸುಮಾರು 320 ಕಿಲೊ. ಅದರ ಐದನೇ ಒಂದು ಭಾಗ 64. ನಾನು 78! ಸಾಲ ಮಂಜೂರಾಗಲಿಲ್ಲ.

ಹತ್ತುವ ಮೊದಲು

ಮೊದಲ ದಿನ ಪುಟ್ಟಿ ಕುದುರೆ ಹತ್ತಲೇ ಇಲ್ಲ. ಮುಖ ಸಪ್ಪಗಾಯಿತು. ಆದರೆ ಆ ದಿನ ಕಲಿತದ್ದೇ ಬುನಾದಿ ಎಂದು ಈಗ ಅನಿಸುತ್ತದೆ.

ಕುದುರೆಯ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿವೆ. ಹುಲ್ಲು ಮೇಯುತ್ತಲೇ ಸುತ್ತಮುತ್ತ ಹೆಚ್ಚು ಕಡಿಮೆ ಎಲ್ಲವನ್ನೂ ನೋಡಬಲ್ಲದು. ಅದಕ್ಕೆ ಕಾಣದಿರುವುದು ಎರಡೇ ಜಾಗ: ನೇರ ಬೆನ್ನ ಹಿಂದೆ ಮತ್ತು ಮೂಗಿನ ಕೆಳಗೆ. ಆದ್ದರಿಂದ ಹಿಂದಿನಿಂದ ಹೋಗಬಾರದು. ಭುಜದ ಕಡೆಯಿಂದ, ಮಾತನಾಡಿಸುತ್ತಾ ಹೋಗಬೇಕು. ಕ್ಯಾರೆಟ್ ಕೊಡುವಾಗ ಅಂಗೈಯನ್ನು ತಟ್ಟೆಯಂತೆ ಚಪ್ಪಟೆ ಹಿಡಿಯಬೇಕು, ಬೆರಳು ಮಡಚಿದರೆ ಅದೂ ಕ್ಯಾರೆಟ್ಟೇ ಎಂದುಕೊಂಡೀತು.

ಕುದುರೆಯ ಮನಸ್ಸು ಕಿವಿಯಲ್ಲಿದೆ. ಕಿವಿ ಮುಂದಕ್ಕೆ ನೆಟ್ಟಗಿದ್ದರೆ ಏನನ್ನೋ ಕುತೂಹಲದಿಂದ ನೋಡುತ್ತಿದೆ. ಒಂದು ಕಿವಿ ನಿಮ್ಮ ಕಡೆ ತಿರುಗಿದ್ದರೆ ನಿಮ್ಮ ಮಾತು ಕೇಳುತ್ತಿದೆ. ಎರಡೂ ಹಿಂದಕ್ಕೆ ತಲೆಗೆ ಅಂಟಿಕೊಂಡಿದ್ದರೆ ಸಿಟ್ಟು ಬಂದಿದೆ, ದೂರ ಇರಿ.

ಇನ್ನೂ ಕೆಲವು ವಿಷಯ ಕೇಳಿ ಪುಟ್ಟಿ ಕಣ್ಣರಳಿಸಿದಳು. ಕುದುರೆ ನಿಂತೇ ನಿದ್ದೆ ಮಾಡಬಲ್ಲದು, ಗಾಢ ನಿದ್ದೆಗೆ ಮಾತ್ರ ಸ್ವಲ್ಪ ಹೊತ್ತು ಮಲಗುತ್ತದೆ. ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಆದ್ದರಿಂದ ಕೆಟ್ಟದ್ದನ್ನು ತಿಂದರೆ ಹೊಟ್ಟೆನೋವೇ ಪ್ರಾಣಕ್ಕೆ ಬರಬಹುದು. ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತದೆ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಲಾಳದ ಮೊಳೆಯನ್ನು ಗೊರಸಿನ ಜೀವವಿಲ್ಲದ ಅಂಚಿಗೆ ಹೊಡೆಯುವುದರಿಂದ ಸರಿಯಾಗಿ ಹೊಡೆದರೆ ಅದಕ್ಕೆ ನೋವಾಗುವುದಿಲ್ಲ.

ಉಡುಪಿನ ವಿಷಯ: ಕಾಲು ತುಂಬ ಮುಚ್ಚುವ ಪ್ಯಾಂಟು, ಅರ್ಧ ಅಂಗುಲದಷ್ಟು ಹಿಮ್ಮಡಿ ಇರುವ ಷೂ. ಹಿಮ್ಮಡಿ ಯಾಕೆಂದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳಬಾರದು. ಗಲ್ಲಕ್ಕೆ ಪಟ್ಟಿ ಬಿಗಿಯುವ ಸವಾರಿ ಹೆಲ್ಮೆಟ್ ಕಡ್ಡಾಯ. ಜೋತಾಡುವ ದುಪಟ್ಟಾ, ಬಳೆ, ಓಲೆ ಎಲ್ಲ ಮನೆಯಲ್ಲೇ ಇರಲಿ.

ಎಡಗಡೆಯಿಂದಲೇ ಯಾಕೆ?

ಎರಡನೇ ಪಾಠದಲ್ಲಿ ಪುಟ್ಟಿ ಕುದುರೆ ಹತ್ತಿದಳು. ಹತ್ತುವುದು ಎಡಗಡೆಯಿಂದ. ಹಿಂದೆ ಸೈನಿಕರ ಖಡ್ಗ ಸೊಂಟದ ಎಡಕ್ಕೆ ತೂಗುತ್ತಿತ್ತಲ್ಲ, ಬಲಗಡೆಯಿಂದ ಹತ್ತಿದರೆ ಅದು ಅಡ್ಡ ಬರುತ್ತಿತ್ತು. ಖಡ್ಗ ಹೋಯಿತು, ಪದ್ಧತಿ ಉಳಿಯಿತು.

ಹತ್ತುವ ಮುಂಚೆ ಹೊಟ್ಟೆಪಟ್ಟಿ ಬಿಗಿಯಾಗಿದೆಯೇ ನೋಡಬೇಕು. ರಿಕಾಪಿನ ಉದ್ದ ಅಳೆಯಲು ಸುಲಭ ಉಪಾಯವಿದೆ: ಬೆರಳ ತುದಿಯನ್ನು ಪಟ್ಟಿಯ ಬುಡಕ್ಕೆ ಇಟ್ಟು ಕೈ ಚಾಚಿದರೆ ರಿಕಾಪು ಕಂಕುಳಕ್ಕೆ ಮುಟ್ಟಬೇಕು. ಕುಳಿತ ಮೇಲೆ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ಗೆರೆಯಲ್ಲಿ ಇರಬೇಕು. ಹಿಮ್ಮಡಿ ಕೆಳಗೆ, ನೋಟ ಮುಂದೆ. ಲಗಾಮು ಹಿಡಿದು ನೇತಾಡುವುದಕ್ಕಲ್ಲ. ಅದರ ಇನ್ನೊಂದು ತುದಿ ಒಂದು ಜೀವದ ಬಾಯಲ್ಲಿದೆ ಎಂಬುದು ನೆನಪಿರಬೇಕು. ಮೊದಮೊದಲು ಹವಾಲ್ದಾರರೇ ಉದ್ದನೆಯ ಹಗ್ಗ ಹಿಡಿದು ನಡುವೆ ನಿಂತು ಬೆಲ್ಲವನ್ನು ತಮ್ಮ ಸುತ್ತ ವೃತ್ತದಲ್ಲಿ ನಡೆಸುತ್ತಿದ್ದರು.

ಕುದುರೆಯ ನಡೆಗೂ ತಾಳವಿದೆ. ಸಾಧಾರಣ ನಡಿಗೆಗೆ ನಾಲ್ಕು ಪೆಟ್ಟು. ಕುಕ್ಕೋಟಕ್ಕೆ ಎರಡು, ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಅದರ ಮೇಲಿನ ಹಾರುನಡಿಗೆಗೆ ಮೂರು ಪೆಟ್ಟು, ಒಂದು ಕ್ಷಣ ಗಾಳಿ. ನಾಗಾಲೋಟಕ್ಕೆ ಮತ್ತೆ ನಾಲ್ಕು, ಆದರೆ ಎಣಿಸುವಷ್ಟರಲ್ಲಿ ಕುದುರೆ ಮುಂದಿನ ಬೀದಿಯಲ್ಲಿರುತ್ತದೆ. ಕುಕ್ಕೋಟದಲ್ಲಿ ಸುಮ್ಮನೆ ಕುಳಿತರೆ ಹಲ್ಲೆಲ್ಲ ಅಲುಗಾಡುತ್ತದೆ. ಅದಕ್ಕೇ ಒಂದು ಪೆಟ್ಟಿಗೆ ಏಳು, ಒಂದು ಪೆಟ್ಟಿಗೆ ಕೂರು ಎಂದು ಕಲಿಸುತ್ತಾರೆ. ಪುಟ್ಟಿ ಮನೆಯಲ್ಲಿ ಸೋಫಾದ ತೋಳಿನ ಮೇಲೆ ಕುಳಿತು “ಏಳು-ಕೂರು, ಏಳು-ಕೂರು” ಎಂದು ಅಭ್ಯಾಸ ಮಾಡಿ ಅಜ್ಜಿಯಿಂದ ಬೈಸಿಕೊಂಡಳು.

ಆಟೋದಲ್ಲಿ ಹೇಳಿದ ಕಥೆಗಳು

ಹೋಗಿಬರುವ ದಾರಿಯಲ್ಲಿ ಅವಳಿಗೆ ಕಥೆ ಬೇಕು. ಹೈಫಾದ ಕಥೆ ಹೇಳಿದೆ. ಮೊದಲನೇ ಮಹಾಯುದ್ಧದ ಕೊನೆಯ ದಿನಗಳು, 1918ರ ಸೆಪ್ಟೆಂಬರ್ 23. ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಆಗ ತುರ್ಕರ ಕೈಯಲ್ಲಿತ್ತು. ಎದುರಿಗೆ ಫಿರಂಗಿ, ಮೆಷಿನ್ ಗನ್ನು. ಅವುಗಳ ಮೇಲೆ ಭರ್ಜಿ, ಖಡ್ಗ ಹಿಡಿದು ಕುದುರೆ ಏರಿ ನುಗ್ಗಿದವರು ಜೋಧಪುರದ ಮತ್ತು ನಮ್ಮ ಮೈಸೂರಿನ ಅಶ್ವದಳದವರು. ಪಟ್ಟಣ ಅಂದೇ ಕೈವಶವಾಯಿತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಅಶ್ವದಳದ ಸ್ಮಾರಕವಿದೆ. ಕಥೆ ಕೇಳಿದ ಪುಟ್ಟಿ, “ಕುದುರೆಗಳಿಗೆ ಏನಾಯ್ತು ತಾತ?” ಎಂದಳು. ಅನೇಕ ಕುದುರೆಗಳು ಸತ್ತವು ಎಂದೆ. ಮನೆ ಬರುವವರೆಗೆ ಅವಳು ಮಾತಾಡಲಿಲ್ಲ.

ಮುಂದಿನ ವಾರ ಸಂತೋಷದ ಕಥೆ ಹೇಳಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡದ ಬೆಳ್ಳಿಯಲ್ಲೂ ಪಾಲು ಪಡೆದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತು ತಲುಪಿ 23ನೇ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌನಲ್ಲಿ ಸುದೀಪ್ತಿ, ದಿವ್ಯಕೃತಿ, ಹೃದಯ್, ಅನುಷ್ ಎಂಬ ನಾಲ್ವರ ತಂಡ ಡ್ರೆಸಾಜ್ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದಿತು. ಕುದುರೆ ಸವಾರಿಯಲ್ಲಿ 41 ವರ್ಷಗಳ ನಂತರ ಬಂದ ಏಷ್ಯನ್ ಚಿನ್ನವದು. ಆ ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಲಿಂಪಿಕ್ಸಿನಲ್ಲೂ ಈ ಕ್ರೀಡೆಯಲ್ಲಿ ಗಂಡಸರು ಹೆಂಗಸರು ಒಂದೇ ಕಣದಲ್ಲಿ ಸ್ಪರ್ಧಿಸುತ್ತಾರೆ ಎಂದಾಗ ಪುಟ್ಟಿ, “ಕುದುರೆಗೆ ಅದೆಲ್ಲ ಲೆಕ್ಕಕ್ಕಿಲ್ಲ ಬಿಡಿ” ಎಂದಳು.

ಬಿದ್ದ ದಿನ

ಎಂಟನೆಯ ಪಾಠದಲ್ಲಿ ಪುಟ್ಟಿ ಬಿದ್ದಳು.

ಕುಕ್ಕೋಟ ಚೆನ್ನಾಗಿಯೇ ನಡೆದಿತ್ತು. ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಹಾಳೆಯೊಂದು ಗಾಳಿಗೆ ಪಟಪಟ ಎಂದಿತು. ಬೆಲ್ಲ ಒಂದೇ ಹೆಜ್ಜೆ ಪಕ್ಕಕ್ಕೆ ಹಾರಿತು. ಪುಟ್ಟಿ ಇದ್ದಲ್ಲೇ ಉಳಿದಳು, ಅಂದರೆ ಗಾಳಿಯಲ್ಲಿ. ಆಮೇಲೆ ಮರಳಿನ ಮೇಲೆ. ಕಲ್ಲುಬೆಂಚಿನಿಂದ ನಾನು ಹೇಗೆ ಎದ್ದೆನೋ, ಹೇಗೆ ಓಡಿದೆನೋ ಗೊತ್ತಿಲ್ಲ. ಬೆಲ್ಲ ಮಾತ್ರ ಅಲ್ಲೇ ನಿಂತಿತ್ತು, ತಾನೇ ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸಿಕೊಂಡು.

ಹವಾಲ್ದಾರರು ಅವಳನ್ನು ಕೂಡಲೇ ಎತ್ತಿ ನಿಲ್ಲಿಸಲಿಲ್ಲ. ಹೆಸರು ಕೇಳಿದರು, ಕೈಕಾಲು ಆಡಿಸಲು ಹೇಳಿದರು, ಕಣ್ಣು ನೋಡಿದರು. ಹೆಲ್ಮೆಟ್ ನೆಲಕ್ಕೆ ತಾಗಿತ್ತು. “ತಲೆಗೆ ಪೆಟ್ಟು ಅಂದರೆ ಇವತ್ತು ಸವಾರಿ ಮುಗೀತು, ಡಾಕ್ಟರ ಹತ್ತಿರ ಹೋಗಿಬನ್ನಿ” ಎಂದು ಹೇಳಿ ಆ ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟರು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು, ಮತ್ತೆ ಬಳಸಬಾರದಂತೆ. ಡಾಕ್ಟರು ಪರೀಕ್ಷಿಸಿ ತಲೆಗೆ ಏನೂ ಆಗಿಲ್ಲ, ಮಣಿಕಟ್ಟು ಉಳುಕಿದೆ ಎಂದರು.

ಮಗಳು ಜಗಳವಾಡಲಿಲ್ಲ. “ನಿಮ್ಮನ್ನ ನಂಬಿ ಕಳಿಸಿದ್ದೆ ಅಪ್ಪ” ಎಂದಳು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಪುಟ್ಟಿ ಹೊಟ್ಟೆನೋವು ಎಂದಳು. ಅದರ ಮುಂದಿನ ವಾರ ಹೋಂವರ್ಕ್ ಇದೆ ಎಂದಳು. ಮೂರನೇ ವಾರ ನೆಪ ಹೇಳಲಿಲ್ಲ, ಹೊದಿಕೆ ಎಳೆದುಕೊಂಡಳು. ಕಟ್ಟಿದ ಶುಲ್ಕದಲ್ಲಿ ನಾಲ್ಕು ಪಾಠ ಉಳಿದಿದ್ದವು. ಅದರ ಮಾತೆತ್ತಲಿಲ್ಲ. ಹಣ ಕಟ್ಟಿದ್ದೇವೆಂದು ಹೆದರಿದ ಮಗುವನ್ನು ಕುದುರೆ ಹತ್ತಿಸುವುದಾದರೆ ನಾವು ಹಿರಿಯರಾದದ್ದು ಯಾಕೆ?

ಒಂದು ಸಂಜೆ ಅವಳೇ ಕೇಳಿದಳು: “ಬೆಲ್ಲಕ್ಕೆ ನನ್ನ ಮೇಲೆ ಕೋಪ ಬಂದಿತ್ತಾ ತಾತ? ಅದಕ್ಕೇ ಬೀಳಿಸ್ತಾ?”

ಅವಳನ್ನು ಕೊರೆಯುತ್ತಿದ್ದದ್ದು ಕೈ ನೋವಲ್ಲ, ಇದು ಎಂದು ಆಗ ತಿಳಿಯಿತು. ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ಹುಲ್ಲಿನಲ್ಲಿ ಸದ್ದಾದರೆ ಅದರ ಅಜ್ಜ ಮುತ್ತಜ್ಜಂದಿರು ಮೊದಲು ಹಾರಿದರು, ಆಮೇಲೆ ಯೋಚಿಸಿದರು, ಅದಕ್ಕೇ ಬದುಕಿದರು ಎಂದು ವಿವರಿಸಿದೆ. “ಹೆದರಿದ್ದು ಅದೂ ಹೌದು, ನೀನೂ ಹೌದು. ಬರೀ ಕ್ಯಾರೆಟ್ ಕೊಟ್ಟು ಬರೋಣ ಬಾ” ಎಂದೆ. ಒಪ್ಪಿದಳು.

ನಾನು ‘ಇಲ್ಲ’ ಎಂದು ಬರೆದದ್ದು

ಆ ದಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಹೊಸ ಹುಡುಗನೊಬ್ಬ ಬೆಲ್ಲದ ಗೊರಸಿನ ಮಣ್ಣು ಕೀಳಲು ಒದ್ದಾಡುತ್ತಿದ್ದ. ಅವನು ಕಾಲನ್ನು ಎತ್ತಿದಷ್ಟೂ ಅದು ಊರುತ್ತಿತ್ತು. ನನಗರಿವಿಲ್ಲದೆ ಒಳಗೆ ಹೋದೆ. ಬಾಲದ ಕಡೆ ಮುಖ ಮಾಡಿ ಅದರ ಭುಜಕ್ಕೆ ಭುಜ ತಾಗಿಸಿ ನಿಂತೆ. ಭುಜದಿಂದ ಕಾಲಿನ ಹಿಂಬದಿಗೆ ಮೆಲ್ಲಗೆ ಕೈ ಸವರಿಕೊಂಡು ಹೋಗಿ ಗೆಣ್ಣಿನ ಹತ್ತಿರ ಹಿಂಡಿ, ನಾಲಿಗೆಯಲ್ಲಿ ‘ಚ್ಟ್’ ಎಂದೆ. ಬೆಲ್ಲ ಕಾಲೆತ್ತಿ ನನ್ನ ಅಂಗೈಯಲ್ಲಿ ಇಟ್ಟಿತು.

ಲಾಯದ ಹಳೆಯ ಆಳು ಅಲ್ಲೇ ಹುಲ್ಲು ಹಾಕುತ್ತಿದ್ದವರು ನನ್ನನ್ನೇ ನೋಡಿದರು. “ಯಜಮಾನ್ರೇ, ನೀವು ಕುದುರೆಯೋರು. ಮೊದಲೇ ಹೇಳಬಾರದಾ?” ಎಂದರು.

ಪುಟ್ಟಿ ಕ್ಯಾರೆಟ್ ಹಿಡಿದು ನಿಂತಿದ್ದಳು. ಇನ್ನು ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಮ್ಮಪ್ಪ ಜಟಕಾ ಓಡಿಸುತ್ತಿದ್ದರು” ಎಂದೆ.

ಈ ಮಾತನ್ನು ನಾನು ಐವತ್ತು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ಮೈಸೂರು ರೈಲ್ವೆ ನಿಲ್ದಾಣದ ಮುಂದೆ ನಿಲ್ಲುತ್ತಿದ್ದ ಜಟಕಾಗಳಲ್ಲಿ ನಮ್ಮಪ್ಪನದೂ ಒಂದು. ಕುದುರೆಯ ಹೆಸರು ಚಂದ್ರಿ. ಅಪ್ಪ ಮನೆಗೆ ಬಂದರೆ ಮೊದಲು ಚಂದ್ರಿಗೆ ನೀರು, ಆಮೇಲೆ ಬೇಯಿಸಿದ ಹುರುಳಿ, ಅದಾದ ಮೇಲೆ ತಮ್ಮ ಊಟ. ನಾನು ಗೊರಸು ಕ್ಲೀನು ಮಾಡಿಕೊಟ್ಟೇ ಶಾಲೆಗೆ ಹೋಗುತ್ತಿದ್ದದ್ದು. ಆ ಜಟಕಾದ ದುಡ್ಡಿನಲ್ಲೇ ನಾನು ಬಿ.ಕಾಂ. ಓದಿದೆ. ಬ್ಯಾಂಕಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ವ್ಯಾಪಾರ’ ಎಂದು ಬರೆದೆ.

1974ರಲ್ಲಿ ಕೆಲಸಕ್ಕೆ ಸೇರುವ ದಿನ ಅಪ್ಪ ಗಾಡಿ ತೊಳೆದು, ಹೊಸ ಹುಲ್ಲು ಹಾಸಿ, ಚಂದ್ರಿಯ ಹಣೆಗೆ ಕುಂಕುಮವಿಟ್ಟು, “ಬಾ, ಬ್ಯಾಂಕಿನ ಬಾಗಿಲಿಗೇ ಬಿಡ್ತೀನಿ” ಎಂದರು. ನಾನು ಒಂದು ಬೀದಿ ಹಿಂದೆಯೇ, “ಇಲ್ಲೇ ನಿಲ್ಲಿಸಿ, ಸಾಕು” ಎಂದೆ. ಅಪ್ಪ ನಿಲ್ಲಿಸಿದರು. ಯಾಕೆ ಎಂದು ಕೇಳಲಿಲ್ಲ. ಆಮೇಲೆ ಮಳೆಯ ದಿನಗಳಲ್ಲಿ ನನ್ನನ್ನು ಕರೆದೊಯ್ದಾಗಲೆಲ್ಲ ನಾನು ಹೇಳುವ ಮೊದಲೇ ಅದೇ ಮೂಲೆಯಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಮೂರನೇ ವರ್ಷ ಚಂದ್ರಿ ಸತ್ತಿತು. ಅಷ್ಟರಲ್ಲಿ ಊರ ತುಂಬ ಆಟೋಗಳು ಬಂದಿದ್ದವು. ಅಪ್ಪ ಇನ್ನೊಂದು ಕುದುರೆ ತರಲಿಲ್ಲ.

ಇದನ್ನೆಲ್ಲ ಲಾಯದ ಹುಲ್ಲಿನ ಮೂಟೆಯ ಮೇಲೆ ಕುಳಿತು ಮೊಮ್ಮಗಳಿಗೆ ಹೇಳಿದೆ. ಅವಳು ನನ್ನನ್ನು ತಪ್ಪುಗಾರ ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಕ್ಕಳ ಪ್ರಶ್ನೆಗಳೇ ಬೇರೆ.

“ನೀವು ಚಂದ್ರಿ ಮೇಲಿಂದ ಬಿದ್ದಿದ್ದಿರಾ ತಾತ?”

“ಬಿದ್ದಿದ್ದೆ. ಒಂಬತ್ತು ವರ್ಷ ನನಗೆ. ಕೆರೆಯಲ್ಲಿ ಮೈ ತೊಳೆದು ಬರುವಾಗ.”

“ಮುತ್ತಾತ ಬೈದರಾ?”

“ಇಲ್ಲ. ಮತ್ತೆ ಹತ್ತು ಅಂತಲೂ ಹೇಳಲಿಲ್ಲ. ‘ಇವತ್ತು ಹತ್ತಬೇಡ. ಆದರೆ ಹಗ್ಗ ಬಿಡಬೇಡ’ ಅಂದರು. ಮನೆಯವರೆಗೆ ಚಂದ್ರಿಯನ್ನ ನಾನೇ ಹಿಡಿದುಕೊಂಡು ನಡೆದು ಬಂದೆ.”

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಹೋಗಿ ಹವಾಲ್ದಾರರನ್ನು ಕೇಳಿದಳು: “ಸಾರ್, ನಾನು ಹತ್ತಲ್ಲ. ಹಗ್ಗ ಹಿಡಿದುಕೊಂಡು ನಡೆಸಬಹುದಾ?”

ಹಗ್ಗ ಬಿಡದವಳು

ಉಳಿದ ನಾಲ್ಕು ಪಾಠಗಳಲ್ಲಿ ಮೂರು ಹಾಗೆಯೇ ಕಳೆದವು. ಮೈ ಉಜ್ಜುವುದು, ಜೂಲು ಬಾಚುವುದು, ಗೊರಸು ಶುಚಿ ಮಾಡುವುದು, ಎಡಗಡೆ ನಿಂತು ಹಗ್ಗ ಹಿಡಿದು ಮೈದಾನ ಸುತ್ತುವುದು. ಗೊರಸು ಎತ್ತಿಸುವುದನ್ನು ನಾನೇ ಕಲಿಸಿದೆ. ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲದ ಮೇಲಿಟ್ಟು ಬೆಲ್ಲ ಅದನ್ನು ಮೂಸಿ ನೋಡುವವರೆಗೆ ಹವಾಲ್ದಾರರು ಪುಟ್ಟಿಯ ಜೊತೆ ನಿಂತಿದ್ದರು. ಕುದುರೆಯ ಹೆದರಿಕೆ ಹೋಗುವುದನ್ನು ಕಣ್ಣಾರೆ ನೋಡಿದ ಮೇಲೆ ಅವಳದೂ ಸ್ವಲ್ಪ ಹೋಯಿತು.

ನಾಲ್ಕನೆಯ ದಿನ ಅವಳೇ ಹೆಲ್ಮೆಟ್ ಹಾಕಿಕೊಂಡಳು. “ಬರೀ ನಡಿಗೆ. ತಾತನೇ ಹಗ್ಗ ಹಿಡೀಬೇಕು” ಎಂದು ಷರತ್ತು ಹಾಕಿದಳು. ಹವಾಲ್ದಾರರು ಪಕ್ಕದಲ್ಲೇ ಬಂದರು. ಎಪ್ಪತ್ತು ದಾಟಿದ ಈ ಮೊಣಕಾಲುಗಳಲ್ಲಿ ಮೈದಾನವನ್ನು ಎರಡು ಸುತ್ತು ಬಂದೆ. ಕಿವಿಯ ಪಕ್ಕ ಬೆಲ್ಲದ ಬಿಸಿ ಉಸಿರು, ಒದ್ದೆ ಹುಲ್ಲಿನ ವಾಸನೆ. ಆ ವಾಸನೆ ನಮ್ಮಪ್ಪನ ಅಂಗಿಗೂ ಇತ್ತು.

ಈಗ ಪುಟ್ಟಿ ಕುಕ್ಕೋಟಕ್ಕೆ ಮರಳಿದ್ದಾಳೆ. ಹಾರುನಡಿಗೆ ಎಂದರೆ ಇನ್ನೂ ಭಯ, ಯಾರೂ ಒತ್ತಾಯ ಮಾಡಿಲ್ಲ. ಅವಳಮ್ಮ ಒಮ್ಮೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತು ಪಾಠ ಪೂರ್ತಿ ನೋಡಿದಳು. ಮನೆಗೆ ಬಂದ ಮೇಲೆ ನನ್ನ ಹತ್ತಿರ ಅವಳ ಅಜ್ಜನ ಬಗ್ಗೆ ಕೇಳಿದಳು. ನಲವತ್ತೈದು ವರ್ಷದ ಮಗಳಿಗೂ ನಾನು ಅದನ್ನು ಹೇಳಿರಲಿಲ್ಲ ನೋಡಿ.

ಅಜ್ಜ ಅಜ್ಜಿಯರೇ, ನಿಮ್ಮ ಮೊಮ್ಮಕ್ಕಳು ಕುದುರೆ ಕೇಳಿದರೆ ಹೆದರಬೇಡಿ. ಸಾಮಾನ್ಯವಾಗಿ ಆರೆಂಟು ವರ್ಷವಾದ ಮೇಲೆ ಸೇರಿಸಿಕೊಳ್ಳುತ್ತಾರೆ. ಒಳ್ಳೆಯ ಶಾಲೆ ಹುಡುಕಿ, ಹೆಲ್ಮೆಟ್ ಇಲ್ಲದೆ ಹತ್ತಿಸಬೇಡಿ, ಬೆಂಚಿನ ಮೇಲೆ ಕುಳಿತು ಪ್ರತಿ ಪಾಠ ನೋಡಿ. ಮಕ್ಕಳೇ, ಬಿದ್ದರೆ ಅಳಿ, ನಾಚಿಕೆ ಬೇಡ. ಆ ದಿನ ಹತ್ತದಿದ್ದರೂ ಪರವಾಗಿಲ್ಲ.

ಹೋದ ತಿಂಗಳು ಹೊಸ ವರ್ಷದ ಅರ್ಜಿ ಕೊಟ್ಟರು. ಅದೇ ಪ್ರಶ್ನೆಗಳು, ಅದೇ ಕೊನೆಯ ಸಾಲು. ‘ಇದೆ’ ಎಂದು ಬರೆದೆ. ವಿವರ ಎಂಬಲ್ಲಿ ನನ್ನ ತಂದೆಯ ಹೆಸರು, ಅದರ ಮುಂದೆ ‘ಜಟಕಾ ಓಡಿಸುತ್ತಿದ್ದರು, ಮೈಸೂರು ರೈಲ್ವೆ ನಿಲ್ದಾಣ’ ಎಂದು ಸೇರಿಸಿದೆ. ಪುಟ್ಟಿ ಪಕ್ಕದಲ್ಲೇ ನಿಂತು ಓದಿ, ಪೆನ್ನು ಇಸಿದುಕೊಂಡು, ಉಳಿದಿದ್ದ ಚಿಕ್ಕ ಜಾಗದಲ್ಲಿ ತುರುಕಿ ಬರೆದಳು: ‘ಕುದುರೆಯ ಹೆಸರು ಚಂದ್ರಿ.’